ಕೆರೆಯ ಕೋಡಿ ಮತ್ತು ನಗರದ ಬೀದಿ

ಬೆಂಗಳೂರಿನ ಬಡಾವಣೆಗಳ ಹೆಸರುಗಳನ್ನು ಒಂದೆಡೆ ಬರೆದುಕೊಂಡು ಶಬ್ದದೃಷ್ಟಿಯಿಂದ ಪರಿಶೀಲಿಸಿದರೆ ಒಂದು ಸಂಗತಿ ತಾನಾಗಿಯೇ ಗೋಚರಿಸುತ್ತದೆ. ಮತ್ತಿಕೆರೆ, ಅರೆಕೆರೆ ಎಂಬಲ್ಲಿ ಕೆರೆಯ ಹೆಸರು ಸ್ಪಷ್ಟವಾಗಿಯೇ ಉಳಿದಿದೆ. ತಿಪ್ಪಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ, ಜುನ್ನಸಂದ್ರ ಎಂಬವುಗಳಲ್ಲಿ ಬರುವ ‘ಸಂದ್ರ’ವು ‘ಸಮುದ್ರ’ ಶಬ್ದದ ಸವೆದ ರೂಪ. ಕಡಲನ್ನು ಕಣ್ಣಿನಿಂದ ಕಾಣದ ಬಯಲುಸೀಮೆಯ ಜನ ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಕೋಡಿಹಳ್ಳಿ, ಕೋಡಿಚಿಕ್ಕನಹಳ್ಳಿ ಎಂಬ ಹೆಸರುಗಳು ಕೆರೆ ತುಂಬಿ ಹೆಚ್ಚಿನ ನೀರು ಹೊರಬೀಳುವ ಸ್ಥಳವನ್ನು ನೆನಪಿಗೆ ತರುತ್ತವೆ. ಕೋಡಿಗೆಹಳ್ಳಿಯದು ಮಾತ್ರ ಬೇರೆ ಮಾತು. ಅದು ದಾನಭೂಮಿಯೆಂಬ ಅರ್ಥದ ‘ಕೊಡಗೆ’ ಶಬ್ದದಿಂದ ಬಂದಿರಬಹುದು. ಶಬ್ದಸಾಮ್ಯಕ್ಕೆ ಮರುಳಾಗಿ ಎಲ್ಲವನ್ನೂ ಕೋಡಿಗೆ ಕಟ್ಟುವುದು ತರವಲ್ಲ. ಅಂತೂ ಈ ಹೆಸರುಗಳು ಇಂದು ಬಸ್ಸಿನ ಫಲಕಗಳ ಮೇಲೆ ಉಳಿದಿವೆ. ಅವುಗಳಿಗೆ ಕಾರಣವಾದ ನೀರು ಎಷ್ಟೋ ಕಡೆ ಕಾಣದಾಗಿದೆ.

ನಗರರಚನೆಯ ಪ್ರಶ್ನೆಯನ್ನು ರಸ್ತೆ, ಮೇಲ್ಸೇತುವೆ, ಬಹುಮಹಡಿ ಕಟ್ಟಡಗಳಿಂದ ಆರಂಭಿಸುವುದು ಇಂದಿನ ರೂಢಿ. ಬೆಂಗಳೂರಿನ ಮಟ್ಟಿಗಾದರೂ ಅದನ್ನು ನೆಲದ ಇಳಿಜಾರಿನಿಂದ ಆರಂಭಿಸುವುದು ಯುಕ್ತ. ಸಮುದ್ರಮಟ್ಟದಿಂದ 900 ಮೀಟರುಗಳಿಗಿಂತ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಈ ಊರಿಗೆ ಸ್ವಂತದ ಮಹಾನದಿಯಿಲ್ಲ. ಬಿದ್ದ ಮಳೆ ಎರಡಾಗಿ ಹಂಚಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹೀಗೆ ಓಡಿಹೋಗುವ ನೀರನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸಿದ ಪೂರ್ವಿಕರ ಉಪಾಯಕ್ಕೇ ಕೆರೆಯೆಂದು ಹೆಸರು.

ಕೆರೆಯೆಂದರೆ ನೀರು ನಿಂತ ಹಳ್ಳವೆಂಬ ತಿಳಿವಳಿಕೆ ಅಪೂರ್ಣವಾದುದು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ. ಏರಿಯ ಬುಡದಲ್ಲಿ ಬೇಕಾದಷ್ಟೇ ನೀರನ್ನು ಬಿಡುವ ತೂಬು. ತೂಬಿನಿಂದ ಗದ್ದೆಗಳಿಗೆ ಹೋಗುವ ಕಾಲುವೆ. ಆ ಗದ್ದೆಗಳ ವಿಸ್ತಾರವೇ ಅಚ್ಚುಕಟ್ಟು. ಏರಿಯ ಒಂದು ಪಕ್ಕದಲ್ಲಿ ಕೋಡಿ. ಇವೆಲ್ಲವೂ ಸೇರಿದರೆ ಕೆರೆ. ಇವುಗಳಲ್ಲಿ ಕೋಡಿಗಿರುವ ಮಹತ್ತ್ವವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಮನಗಾಣಬೇಕು. ಒಂದು ಕೆರೆಯ ಕೋಡಿಯಿಂದ ಹೊರಟ ನೀರು ವ್ಯರ್ಥವಾಗದೆ ಕೆಳಗಿನ ಕೆರೆಗೆ ಒಳಹರಿವಾಗುತ್ತದೆ. ಅಗರದ ಕೆರೆ ತುಂಬಿದರೆ ಬೆಳ್ಳಂದೂರಿಗೆ, ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ಅಲ್ಲಿಂದ ಮುಂದೆ ಪಿನಾಕಿನಿಗೆ ಎಂಬಂತೆ ಇದು ಸರಪಣಿಯ ವ್ಯವಸ್ಥೆ. ಕೊಂಡಿಗಳನ್ನು ಜೋಡಿಸುವ ದೊಡ್ಡ ಕಾಲುವೆಗಳೇ ರಾಜಕಾಲುವೆಗಳು. ಮಳೆಯಿಲ್ಲದ ತಿಂಗಳುಗಳಲ್ಲಿ ಒಣಗಿ, ದನ ನಡೆಯುವ ದಾರಿಯಂತೆ ತೋರುವ ಈ ಕಾಲುವೆ ಯಾರಿಗೂ ಸೇರದ ನೆಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮುಂದಿನ ಅನರ್ಥಗಳಲ್ಲಿ ಬಹುಭಾಗ ಈ ಭ್ರಮೆಯಿಂದಲೇ ಹುಟ್ಟಿತು.

ಬೇಗೂರಿನ ವೀರಗಲ್ಲೊಂದರಲ್ಲಿ, ಕ್ರಿ.ಶ. 890ರ ಸುಮಾರಿನಷ್ಟು ಹಿಂದೆಯೇ, ಬೆಂಗಳೂರೆಂಬ ಹೆಸರು ದೊರೆಯುತ್ತದೆಂಬುದು ಪ್ರಸಿದ್ಧವಾಗಿದೆ. ಅದೇ ಶತಮಾನದ ಅಗರದ ಶಾಸನ ಅಷ್ಟು ಪ್ರಸಿದ್ಧವಲ್ಲ. ಆದರೆ ಪ್ರಕೃತ ವಿಷಯಕ್ಕೆ ಅದೇ ಹೆಚ್ಚು ಉಪಯುಕ್ತ. ಕೆರೆಗಳಿಗೆ ತೂಬನ್ನಿಡಿಸಿ, ಇನ್ನೊಂದು ಕೆರೆಯನ್ನು ಕಟ್ಟಿಸಿದವನಿಗೆ ಬಿಟ್ಟುವಟ್ಟವೆಂಬ ಭೂಮಿ ದೊರೆತುದನ್ನು ಅದು ದಾಖಲಿಸುತ್ತದೆ. ಬಿಟ್ಟುವಟ್ಟ, ಕಟ್ಟುಗೊಡಗೆ ಎಂಬ ಪಾರಿಭಾಷಿಕ ಶಬ್ದಗಳು ಕನ್ನಡ ಶಾಸನಗಳಲ್ಲಿ ಪುನಃ ಪುನಃ ಬರುತ್ತವೆ. ಕಟ್ಟಿಸುವುದು ಒಮ್ಮೆಯ ಕಾರ್ಯ. ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬನ್ನು ಕಾಯುವುದು ಪ್ರತಿವರ್ಷದ ಕಾರ್ಯ. ಆ ಕಾರ್ಯಕ್ಕೆ ಸ್ಥಿರವಾದ ಆದಾಯವನ್ನು ಮೊದಲೇ ಕಟ್ಟಿಡುವುದು ಆ ದಾನಗಳ ಉದ್ದೇಶ. ಊರಿನಲ್ಲಿ ನೀರಗಂಟಿ ಎಂಬವನೊಬ್ಬನಿದ್ದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅವನು ನಿರ್ಧರಿಸುತ್ತಿದ್ದ. ಇಂದಿನ ಭಾಷೆಯಲ್ಲಿ ನಿರ್ವಹಣಾ ವೆಚ್ಚವೆಂದು ಕರೆಯುವುದನ್ನು ಹಿಂದಿನವರು ಕಲ್ಲಿನ ಮೇಲೆ ಕೆತ್ತಿಸಿದ್ದರು.

ಇನ್ನೊಂದು ಶಾಸನ ಇದಕ್ಕಿಂತಲೂ ವಿಶಿಷ್ಟವಾದುದು. ಇಂದಿನ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಪುತ್ರ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಸಲ್ಲದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿ ಜಿನುಗುವುದು, ಚೌಳುನೆಲ, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದು – ಈ ಐದನ್ನು ಯಾವ ಶಿಲ್ಪಿಯಾದರೂ ಹೇಳಬಹುದು. ಆರನೆಯದು ಮಾತ್ರ ಆಶ್ಚರ್ಯಕರವಾದುದು: ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದೂ ದೋಷವೇ. ನೀರಿನ ಶಾಸ್ತ್ರದೊಳಗೆ ಆಡಳಿತದ ಶಾಸ್ತ್ರವೂ ಅಡಗಿದೆಯೆಂದು ಆ ಕಾಲದವರು ಅರಿತಿದ್ದರು.

ಶಿವಶರಣರ ಪರಂಪರೆಯಲ್ಲಿ ಈ ವಿಷಯಕ್ಕೆ ಬೇರೆಯೇ ಸ್ಥಾನವಿದೆ. ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಓದಿದವರಿಗೆ ಕೆರೆಯನ್ನು ತೋಡಿಸುವ ಆತನ ಕಾರ್ಯ ಪರಿಚಿತವಾಗಿಯೇ ಇದೆ. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ನೀರು ನಿಂತಿದೆ. ಗುಡಿ ಮತ್ತು ಕೆರೆಗಳನ್ನು ಬಿಡಿಸಲಾಗದಂತೆ ಅಲ್ಲಿ ಒಂದುಗೂಡಿಸಲಾಗಿದೆ.

ಏರಿಯ ಮೇಲಿನ ಬದುಕನ್ನೂ ಇಲ್ಲಿ ಹೇಳಬೇಕು. ಸಾರ್ವಜನಿಕ ಸ್ಥಳವೆಂಬ ಶಬ್ದ ಕನ್ನಡಕ್ಕೆ ಹೊಸದಾದರೂ ವಸ್ತು ಹೊಸದಲ್ಲ. ಏರಿಯು ಊರಿನಿಂದ ಊರಿಗೆ ದಾರಿಯಾಗಿತ್ತು. ಅದರ ಮೇಲೆ ಅರಳಿಕಟ್ಟೆಯಿತ್ತು. ಅಗಸರು ಬಟ್ಟೆ ಒಗೆಯಲು ಒಂದು ದಡ, ದನಗಳು ನೀರಿಗಿಳಿಯಲು ಇನ್ನೊಂದು ದಡ. ಕುಂಬಾರರಿಗೆ ಕೆರೆಯ ಜೇಡಿಮಣ್ಣು, ಒಕ್ಕಲಿಗರಿಗೆ ಗೊಬ್ಬರವಾಗಿ ಹೂಳು, ಬೆಸ್ತರಿಗೆ ಮೀನು. ಸಂಜೆ ಗಾಳಿಗೆ ಬಂದು ಕುಳಿತವರು ಇವರೆಲ್ಲರ ನಡುವೆಯೇ ಕುಳಿತರು. ನೀರು ಸೇದುವಲ್ಲಿ ಜಾತಿಯ ಕಟ್ಟಳೆಗಳು ಕ್ರೂರವಾಗಿದ್ದುವೆಂಬುದನ್ನು ಮರೆಮಾಚಬೇಕಿಲ್ಲ. ಕೆರೆಯ ದಡದಲ್ಲಿಯೇ ಎಷ್ಟೋ ಜನ ದೂರ ನಿಲ್ಲಬೇಕಾಗುತ್ತಿತ್ತು. ಆ ಕಲಂಕವನ್ನು ನಲ್ಲಿ ಬಹುಮಟ್ಟಿಗೆ ತೊಳೆಯಿತೆಂಬುದೂ ಸತ್ಯ. ಆದ್ದರಿಂದ ಹಳೆಯದನ್ನೆಲ್ಲ ಸುವರ್ಣಯುಗವೆಂದು ವರ್ಣಿಸುವ ಬರಹಗಳನ್ನು ಎಚ್ಚರದಿಂದ ಓದಬೇಕು.

ನಲ್ಲಿಯ ಕಥೆ 19ನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದಿತು. ಎರಡು ವರ್ಷಗಳ ತರುವಾಯ, 1898ರಲ್ಲಿ, ಪ್ಲೇಗು ತಗುಲಿ ಪೇಟೆಯ ಇಕ್ಕಟ್ಟಾದ ಬೀದಿಗಳು ಹೆಣಗಳ ಬೀದಿಗಳಾದುವು. ಅದರ ಪರಿಣಾಮವಾಗಿ ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಅಗಲವಾದ ರಸ್ತೆ, ಉದ್ಯಾನಗಳೊಡನೆ ಎದ್ದವು. ಗಾಳಿ ಬೆಳಕುಗಳನ್ನು ನಗರರಚನೆಯ ಅಂಗವೆಂದು ಎಣಿಸಿದುದು ಆ ಕಾಲದ ದೊಡ್ಡ ಲಾಭ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿಯ ಮೊದಲನೆಯ ಹಂತ, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರುಗಳ ಐದನೆಯ ಹಂತ – ಹೀಗೆ ನೀರು ದೂರದೂರದಿಂದ ಬಂದಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ಸಾಗಿ, ಸುಮಾರು 500 ಮೀಟರು ಮೇಲೇರಿ ಬರಬೇಕು. ಸಾವಿರ ಲೀಟರು ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಯಂತ್ರದಲ್ಲಿ ಕಿಂಚಿತ್ತೂ ನಷ್ಟವಾಗದಿದ್ದರೂ, 1.3 ಯೂನಿಟ್ಟಿಗೆ ಕಡಿಮೆಯಿಲ್ಲದಷ್ಟು ವಿದ್ಯುತ್ತು ಬೇಕೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು.

ಇನ್ನೊಂದು ಲೆಕ್ಕವೂ ಇದೆ. ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಬೆಂಗಳೂರಿಗೆ ವರ್ಷದಲ್ಲಿ ಸರಾಸರಿ 97 ಸೆಂಟಿಮೀಟರಿನಷ್ಟು ಮಳೆ. ನಗರದ ವಿಸ್ತಾರ 700 ಚದರ ಕಿಲೋಮೀಟರಿಗೂ ಮೇಲು. ಗುಣಿಸಿದರೆ ಸುಮಾರು 24 ಟಿ.ಎಂ.ಸಿ. ಆಗುತ್ತದೆ. ಅದರಲ್ಲಿ ಒಂದು ಭಾಗ ಆವಿಯಾಗುತ್ತದೆ, ಒಂದು ಭಾಗ ಇಂಗುತ್ತದೆ. ಎಲ್ಲವನ್ನೂ ಹಿಡಿಯಲಾಗದು, ನಿಜ. ಆದರೆ ಕಾವೇರಿಯಿಂದ ಎತ್ತಿ ತರುವ ನೀರಿನೊಡನೆ ಹೋಲಿಸಬಹುದಾದಷ್ಟು ನೀರು ತಲೆಯ ಮೇಲೆಯೇ ಬೀಳುತ್ತಿರುವಾಗ ಅದನ್ನು ಶತ್ರುವಿನಂತೆ ಚರಂಡಿಗೆ ಅಟ್ಟುವುದು ವಿಚಿತ್ರವೇ ಸರಿ.

ನಲ್ಲಿ ಬಂದ ಮೇಲೆ ಕೆರೆ ನಿರುಪಯೋಗಿಯೆಂದು ತೋರಿತು. ಮಲೇರಿಯದ ಭಯವೂ ಅದಕ್ಕೆ ಜತೆಗೂಡಿತು. ಧರ್ಮಾಂಬುಧಿ ಬತ್ತಿ ಮೈದಾನವಾಗಿ, ಕೊನೆಗೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆಯಿದ್ದ ಜಾಗದಲ್ಲಿ ಮಾರುಕಟ್ಟೆ ಎದ್ದಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲಿಗೂ ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿಗೂ ಸಂದುವು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗಳು ಎದ್ದವು. ಈ ಪಟ್ಟಿಯನ್ನು ಓದಿ ಹಿಂದಿನ ಅಧಿಕಾರಿಗಳನ್ನು ಬರಿದೆ ನಿಂದಿಸುವುದು ನ್ಯಾಯವಲ್ಲ. ಬಸ್ ನಿಲ್ದಾಣ, ಮಾರುಕಟ್ಟೆ, ಆಟದ ಬಯಲು – ಇವೂ ಜನರಿಗೆ ಬೇಕಾದ ಸ್ಥಳಗಳೇ. ನಗರದ ನಡುವೆ ಸರ್ಕಾರದ ಕೈಯಲ್ಲಿ ಉಳಿದಿದ್ದ ವಿಶಾಲ ನೆಲವೆಂದರೆ ಕೆರೆಯಂಗಳಗಳೇ ಆಗಿದ್ದುವು. ದೋಷವಿರುವುದು ಬೇರೆಡೆ. ಪ್ರತಿಯೊಂದು ಕೆರೆಯನ್ನೂ ಅದು ಒಂಟಿಯಾದ ಪಾತ್ರೆಯೋ ಎಂಬಂತೆ ನೋಡಿದರು. ಪಾತ್ರೆ ಹೋದರೆ ಅದರ ಕೋಡಿಯಿಂದ ತುಂಬುತ್ತಿದ್ದ ಮುಂದಿನ ಕೆರೆಯ ಗತಿಯೇನು, ಅದರೊಳಕ್ಕೆ ಬರುತ್ತಿದ್ದ ಮೇಲಿನ ನೀರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.

ಉತ್ತರವನ್ನು ಮಳೆಯೇ ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರಗಳ ಕಡೆ ಹೊರವರ್ತುಲ ರಸ್ತೆ ಮುಳುಗಿದಾಗ, ಗಣಕಯಂತ್ರದ ಉದ್ಯೋಗಿಗಳು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದರು. ನೀರು ದಾರಿತಪ್ಪಿ ಬೀದಿಗೆ ಬಂದಿತೆಂದು ಹಲವರು ಬಗೆದರು. ತಗ್ಗನ್ನೂ ಕಾಲುವೆಯನ್ನೂ ಮುಚ್ಚಿ ಬೀದಿ ಮಾಡಿದ ಕಡೆಗಳಲ್ಲಿ ನೀರು ತನ್ನ ದಾರಿಯಲ್ಲಿಯೇ ಬಂದಿತ್ತು. ಬೀದಿಯೇ ಅದರ ದಾರಿಯಲ್ಲಿತ್ತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಗೆಯಲ್ಲಿ, ಅದೇ ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರುಗಳಿಗೆ ಕಾದರು. ಪ್ರವಾಹವೂ ಕ್ಷಾಮವೂ ಒಂದೇ ರೋಗದ ಎರಡು ಲಕ್ಷಣಗಳು: ನಿಲ್ಲಬೇಕಾದ ನೀರಿಗೆ ನಿಲ್ಲಲು ಎಡೆಯಿಲ್ಲ.

ಉಳಿದ ಕೆರೆಗಳ ಸ್ಥಿತಿಯೂ ನೆಮ್ಮದಿಯದಲ್ಲ. ಕಾವೇರಿಯಿಂದ ಬಂದ ನೀರು ಮನೆಗಳಲ್ಲಿ ಬಳಕೆಯಾದ ಮೇಲೆ ಎಲ್ಲಿಯಾದರೂ ಹೋಗಲೇಬೇಕಷ್ಟೆ. ಒಳಚರಂಡಿ ಸಾಲದಾದಾಗ ಅದು ರಾಜಕಾಲುವೆಯನ್ನು ಹಿಡಿದು ಕೆರೆಗೆ ಇಳಿಯಿತು. ಹಿಂದೆ ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ಕಾಲುವೆ ವರ್ಷವಿಡೀ ಕೊಳಚೆ ಹರಿಸತೊಡಗಿತು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಬಿಳಿಯ ನೊರೆಯನ್ನು ರಸ್ತೆಗೆ ಎರಚಿದುದೂ, 2015, 2017, 2018ರಲ್ಲಿ ಅಲ್ಲಿ ಬೆಂಕಿ ಎದ್ದುದೂ ದೇಶಕ್ಕೆಲ್ಲ ವಾರ್ತೆಯಾಯಿತು. ನೀರಿನಲ್ಲಿ ಬೆಂಕಿಯೆಂಬುದು ಕಾವ್ಯದಲ್ಲಿ ಬಡಬಾಗ್ನಿಯೆಂಬ ಹೆಸರಿನಿಂದ ಬರುವ ಕಲ್ಪನೆ. ಅದನ್ನು ಕಣ್ಣಿನಿಂದ ಕಾಣುವ ದುರ್ದೆಸೆ ಯಾವ ಕವಿಗೂ ಒದಗಿರಲಿಲ್ಲ.

ಪ್ರಯತ್ನಗಳು ನಡೆದಿಲ್ಲವೆನ್ನಲಾಗದು. 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಇರುವ ಕೆರೆಗಳನ್ನು ಒಡೆಯದೆ ಉಳಿಸಿಕೊಳ್ಳಬೇಕೆಂದು ಸಲಹೆ ಮಾಡಿತು. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಬಳಕೆನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಅಲ್ಲಿ ಹಕ್ಕಿಗಳೂ ಇವೆ, ಬೆಸ್ತರೂ ಇದ್ದಾರೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕೃತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸಲಾಗುತ್ತಿದೆ. ಅದರ ಶುದ್ಧಿಯ ಪ್ರಮಾಣದ ವಿಷಯದಲ್ಲಿ ವಾದವಿವಾದಗಳಿವೆ. ಅದೇನೇ ಇರಲಿ, ತನ್ನ ಕೆರೆಗಳನ್ನು ಮೈದಾನ ಮಾಡಿಕೊಂಡ ನಗರ ನೆರೆಯ ಜಿಲ್ಲೆಯ ಕೆರೆಗಳನ್ನು ತುಂಬಿಸಬೇಕಾಗಿ ಬಂದುದು ಕಾಲದ ವಿನೋದ. ಇನ್ನು ಹಲವೆಡೆ ಜೀರ್ಣೋದ್ಧಾರವೆಂದರೆ ಸುತ್ತಲೂ ಏರಿಯೆತ್ತಿ, ನಡೆದಾಡುವ ಹಾದಿ ಮಾಡಿ, ಬೇಲಿ ಹಾಕಿ, ಬಾಗಿಲಿಗೆ ವೇಳಾಪಟ್ಟಿ ತೂಗುಹಾಕುವುದು ಎಂದಾಗಿದೆ. ಬೆಳಗಿನ ವಾಯುಸೇವನೆಗೆ ಅದು ಹಿತಕರವೇ. ಆದರೆ ದನ ಮೇಯಿಸುವವನಿಗೂ ಅಗಸನಿಗೂ ಅಲ್ಲಿ ಪ್ರವೇಶವಿಲ್ಲ. ಎಲ್ಲ ದಿಕ್ಕಿಗೂ ಏರಿಯೆದ್ದ ಮೇಲೆ ಮಳೆಯ ನೀರಿಗೂ ಸುಲಭವಾಗಿ ಪ್ರವೇಶವಿಲ್ಲ. ಅದು ಕೆರೆಯ ಆಕಾರದ ಬೋಗುಣಿ.

ಪೋರುಮಾಮಿಳ್ಳದ ಆರನೆಯ ದೋಷವನ್ನು ಇಲ್ಲಿ ಮತ್ತೆ ನೆನೆಯಬೇಕು. ಬೆಂಗಳೂರಿನ ಕೆರೆಗಳಿಗೆ ಒಡೆಯನು ಒಬ್ಬನಲ್ಲ. ನಗರಾಡಳಿತದವು ಕೆಲವು, ಅಭಿವೃದ್ಧಿ ಪ್ರಾಧಿಕಾರದವು ಕೆಲವು, ಅರಣ್ಯ ಇಲಾಖೆಯವು ಕೆಲವು. ಕೊಳಚೆಯ ಹೊಣೆ ಜಲಮಂಡಳಿಯದು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಆಡಳಿತದ ಸೌಕರ್ಯಕ್ಕೆ ಅದು ಅಗತ್ಯವಾಗಿರಬಹುದು. ಕಣಿವೆಗಳು ಮಾತ್ರ ಈ ಗಡಿಗಳನ್ನು ಅರಿಯವು. ಒಂದು ಪಾಲಿಕೆಯ ಕೋಡಿ ಇನ್ನೊಂದು ಪಾಲಿಕೆಯ ಒಳಹರಿವಾಗುವಲ್ಲಿ ಹೂಳೆತ್ತುವವರು ಯಾರೆಂಬುದನ್ನು ಮೊದಲೇ ಬರೆದಿಡಬೇಕಾಗುತ್ತದೆ. ಅಗರದ ಶಾಸನವನ್ನು ಕೆತ್ತಿಸಿದವರು ಹಾಗೆ ಬರೆದಿಟ್ಟಿದ್ದರು.

ಸಂಪಂಗಿ ಕೆರೆಯೂ ಪೂರ್ತಿಯಾಗಿ ಅಳಿದಿಲ್ಲ. ಕಂಠೀರವ ಕ್ರೀಡಾಂಗಣದ ಮಗ್ಗುಲಿನಲ್ಲಿ ಒಂದು ಸಣ್ಣ ಕೊಳ ಇಂದಿಗೂ ಇದೆ. ಹಿಂದೆ ಆ ಕೆರೆಯ ನೀರಿನಿಂದ ತೋಟ ಮಾಡಿಕೊಂಡಿದ್ದ ತಿಗಳ ಸಮುದಾಯದವರು ಚೈತ್ರಮಾಸದಲ್ಲಿ ಧರ್ಮರಾಯನ ಗುಡಿಯ ಕರಗವನ್ನು ನಡೆಸುತ್ತಾರೆ. ಆ ಉತ್ಸವದ ವಿಧಿಗಳಿಗೆ ಸಂಪಂಗಿ ಕೆರೆ ಬೇಕೇ ಬೇಕು. ಅದಕ್ಕಾಗಿ ಆ ಕೊಳವನ್ನು ಉಳಿಸಬೇಕಾಯಿತು. ಇಡೀ ಕೆರೆಯಂಗಳದಲ್ಲಿ ನೀರಿಗೆ ಇಂದು ಉಳಿದಿರುವ ನೆಲ ಅಷ್ಟು.