ನಿವೃತ್ತಿಯ ಮೇಲೂ ಅದೇ ಕಚೇರಿ: ಕೈಗೆಷ್ಟು ಬರುತ್ತದೆ?

ಪ್ರಶ್ನೆ: ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದೆ. ಕೊನೆಯ ಮೂಲ ವೇತನ 80,000 ರೂಪಾಯಿ, ಪಿಂಚಣಿ 40,000. ಶೇ 40ರಷ್ಟನ್ನು ಕಮ್ಯೂಟ್ ಮಾಡಿಸಿ ಮಗಳ ಮದುವೆ ಮುಗಿಸಿದೆ. ಈಗ ಹಳೆಯ ಕಚೇರಿಯವರೇ ‘ಕನ್ಸಲ್ಟೆಂಟ್ ಆಗಿ ಬನ್ನಿ ಸಾರ್’ ಎನ್ನುತ್ತಿದ್ದಾರೆ. ಹೋದರೆ ಪಿಂಚಣಿ ನಿಲ್ಲುತ್ತದೆಯೇ? ಎಷ್ಟು ಕೊಡುತ್ತಾರೆ?
– ಹೆಸರು ಬೇಡ, ಮೈಸೂರು

ಉತ್ತರ: ಪಿಂಚಣಿಯಾಗಲೀ ಅದರ ಮೇಲಿನ ತುಟ್ಟಿ ಪರಿಹಾರವಾಗಲೀ ನಿಲ್ಲುವುದಿಲ್ಲ. ಸಂಭಾವನೆಯ ಲೆಕ್ಕವನ್ನು ಮಾತ್ರ ಸರಿಯಾಗಿ ಹಾಕಿಕೊಳ್ಳಿ. ಕೇಂದ್ರ ವೆಚ್ಚ ಇಲಾಖೆಯ 2020ರ ಡಿಸೆಂಬರ್ 9ರ ಆದೇಶದಂತೆ, ಕೊನೆಯ ಮೂಲ ವೇತನದಲ್ಲಿ ಮೂಲ ಪಿಂಚಣಿ ಕಳೆದು ಉಳಿದದ್ದೇ ಸಂಭಾವನೆ. ನಿಮಗೆ 40,000 ರೂಪಾಯಿ. ಕಮ್ಯೂಟ್ ಆಗಿ ಕೈಗೆ ಬರುತ್ತಿರುವ ಮೂಲ ಪಿಂಚಣಿ 24,000 ತಾನೇ, ಅಷ್ಟನ್ನೇ ಕಳೆದು 56,000 ಕೊಡುತ್ತಾರೆ ಎಂದುಕೊಂಡಿದ್ದರೆ ಆ ಆಸೆ ಬಿಡಿ. ಕಳೆಯುವುದು ಪೂರ್ತಿ 40,000ವನ್ನೇ. ಕಮ್ಯೂಟ್ ಹಣ ಮುಂಗಡವಾಗಿ ಪಡೆದ ಪಿಂಚಣಿಯೇ ಆದ್ದರಿಂದ ಇದರಲ್ಲಿ ಅನ್ಯಾಯವೇನೂ ನನಗೆ ಕಾಣದು.

ನನಗೆ ಕಸಿವಿಸಿ ಇರುವುದು ಬೇರೆಡೆ. ಒಪ್ಪಂದ ಮುಗಿಯುವವರೆಗೂ ಆ ಮೊತ್ತ ಕದಲುವುದಿಲ್ಲ; ಇನ್‌ಕ್ರಿಮೆಂಟ್ ಇಲ್ಲ, ತುಟ್ಟಿಭತ್ಯೆ ಇಲ್ಲ. ರಜೆ ತಿಂಗಳಿಗೆ ಒಂದೂವರೆ ದಿನ. ಮೊದಲು ಒಂದು ವರ್ಷಕ್ಕೆ ಕರೆಯುತ್ತಾರೆ. ಎಷ್ಟು ಮುಂದುವರಿಸಿದರೂ ನಿವೃತ್ತಿಯಿಂದ 5 ವರ್ಷ ದಾಟುವಂತಿಲ್ಲ. ಕೆಲಸ ಮಾತ್ರ ಮೊದಲಿನಷ್ಟೇ ಇರುತ್ತದೆ, ಹಳೆಯ ಸಲುಗೆಯಲ್ಲಿ ಇನ್ನೂ ಹೆಚ್ಚೇ ಬೀಳಬಹುದು! ಆದ್ದರಿಂದ ಯಾವ ಕೆಲಸ, ಎಷ್ಟು ಹೊತ್ತು, ಕಡತದಲ್ಲಿ ಸಹಿ ಹಾಕುವವರು ಯಾರು ಎಂಬುದನ್ನು ಬರಹದಲ್ಲಿ ಪಡೆದುಕೊಂಡೇ ಒಪ್ಪಿಕೊಳ್ಳಿ.

ಪ್ರಶ್ನೆ: ಸೇನೆಯಲ್ಲಿ ಹವಾಲ್ದಾರನಾಗಿದ್ದು 42ನೇ ವಯಸ್ಸಿಗೆ ನಿವೃತ್ತನಾದೆ. ಕೇಂದ್ರ ಸರ್ಕಾರದಲ್ಲೇ ಗುಮಾಸ್ತನ ಕೆಲಸ ಸಿಕ್ಕಿದೆ. ನನಗೂ ಪಿಂಚಣಿ ಕಳೆಯುತ್ತಾರಾ?
– ಮಾಜಿ ಸೈನಿಕ, ಮಡಿಕೇರಿ

ಉತ್ತರ: ಇಲ್ಲ. ನಿಮ್ಮದು ಕನ್ಸಲ್ಟೆಂಟ್ ಗುತ್ತಿಗೆಯಲ್ಲ, ಮರುನೇಮಕ. ಅದಕ್ಕೆ 1986ರ ಆದೇಶವೇ ಬೇರೆ ಇದೆ. 55 ತುಂಬುವ ಮೊದಲೇ ನಿವೃತ್ತರಾದವರಲ್ಲಿ ಕಮಿಷನ್ಡ್ ಅಧಿಕಾರಿ ದರ್ಜೆಗಿಂತ ಕೆಳಗಿದ್ದವರ ಪಿಂಚಣಿಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಹುದ್ದೆಯ ಆರಂಭಿಕ ವೇತನವೂ ಸೇನೆಯ ಪಿಂಚಣಿಯೂ ಎರಡೂ ನಿಮ್ಮವೇ. ಕಮಿಷನ್ಡ್ ಅಧಿಕಾರಿಗಳಿಗಾದರೆ ಪಿಂಚಣಿಯ ಮೊದಲ 15,000 ರೂಪಾಯಿಗಷ್ಟೇ ಈ ವಿನಾಯಿತಿ. ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡುವಾಗ ಮರುನೇಮಕದ ಪ್ರಶ್ನೆಗೆ ‘ಹೌದು’ ಎಂದೇ ಬರೆಯಿರಿ.