ಇನ್ಸುಲಿನ್ ಇದ್ದರೂ ಶುಗರ್ ಏಕೆ ಇಳಿಯುವುದಿಲ್ಲ?

ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ: "ಡಾಕ್ಟ್ರೇ, ಮೈಯಲ್ಲಿ ಇನ್ಸುಲಿನ್ ಇದೆ ಎಂದು ರಿಪೋರ್ಟ್ ಹೇಳುತ್ತದೆ. ಆದರೂ ಶುಗರ್ ಏಕೆ ಇಳಿಯುವುದಿಲ್ಲ?" ಯುನಾನಿಯಲ್ಲಿ ಜಿಯಾಬೀತಸ್ ಶಕರಿ ಎಂದು ಕರೆಯುವ ಈ ರೋಗವನ್ನು ಅರಿಯಲು ಜೀವಕೋಶದ ಹೊರಮೈಯನ್ನು ನೋಡಬೇಕು.

ಇನ್ಸುಲಿನ್ ಒಂದು ಸಂದೇಶವಾಹಕ. ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳು ಕೋಶದ ಮೇಲ್ಮೈಯಲ್ಲಿವೆ. ಇವೇ ಗ್ರಾಹಕಗಳು. ಬೀಗಕ್ಕೆ ಬೀಗದ ಕೈ ಕೂಡುವಂತೆ ಇವೆರಡೂ ಕೂಡುತ್ತವೆ. ಕೂಡಿದಾಗ ಒಳಗೆ ಸಂದೇಶ ಹರಿಯುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗಿರುವ ಗ್ಲುಟ್-4 ಎಂಬ ಪ್ರೋಟೀನು ಮೇಲ್ಮೈಗೆ ಬಂದು ಸಕ್ಕರೆಯನ್ನು ಒಳಗೆ ಬಿಡುತ್ತದೆ.

ಕಾಣದ್ದನ್ನು ಅಳೆಯುವುದು ಹೇಗೆ?

ಇನ್ಸುಲಿನ್‌ಗೆ ರೋಡಮಿನ್‌ನಂತಹ ಬಣ್ಣವನ್ನು ಅಂಟಿಸುತ್ತಾರೆ. ಹಸಿರು ಬೆಳಕು ಬಿದ್ದಾಗ ಅದು ಕೆಂಪು ಛಾಯೆಯ ಬೆಳಕನ್ನು ಹೊರಸೂಸುತ್ತದೆ. ಸೂಕ್ಷ್ಮದರ್ಶಕದ ಫಿಲ್ಟರ್ ಹಸಿರನ್ನು ತಡೆದು ಆ ಕೆಂಪನ್ನು ಮಾತ್ರ ಕ್ಯಾಮೆರಾಗೆ ಬಿಡುತ್ತದೆ. 1978ರಲ್ಲಿ ಜೋಸೆಫ್ ಶ್ಲೆಸಿಂಜರ್ ಮತ್ತು ಸಂಗಡಿಗರು ಜೀವಂತ ಕೋಶಗಳ ಮೇಲೆ ಇದನ್ನು ಮಾಡಿ ನೋಡಿದರು. 4 ಡಿಗ್ರಿ ಚಳಿಯಲ್ಲಿ ಇನ್ಸುಲಿನ್ ಮೇಲ್ಮೈ ತುಂಬ ಹರಡಿಕೊಂಡೇ ಇತ್ತು. 37 ಡಿಗ್ರಿಯಲ್ಲಿ ಅದು ಗುಂಪುಗೂಡಿ ಕೋಶದೊಳಗೆ ಹೋಯಿತು. ಮೇಲ್ಮೈಯ ಬಂಧವನ್ನಷ್ಟೇ ಅಳೆಯಬೇಕಾದಾಗ ಕೋಶಗಳನ್ನು ತಣ್ಣಗಿಡುವುದು ಇದಕ್ಕಾಗಿಯೇ.

ಅಳತೆಯ ಕ್ರಮ ಸರಳ. ಬಣ್ಣದ ಇನ್ಸುಲಿನ್ನನ್ನು ಕೋಶಗಳಿಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹಾಕುತ್ತಾರೆ. ಪ್ರತಿ ಸಲ ಅಂಟದೆ ಉಳಿದದ್ದನ್ನು ತೊಳೆದು ಹೊಳಪನ್ನು ಅಳೆಯುತ್ತಾರೆ. ಹೊಳಪು ಏರುತ್ತಾ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತದೆ. ಅಂದರೆ ಗ್ರಾಹಕಗಳೆಲ್ಲ ತುಂಬಿವೆ. ಆ ಗರಿಷ್ಠ ಹೊಳಪು ಗ್ರಾಹಕಗಳು ಎಷ್ಟಿವೆ ಎಂಬುದಕ್ಕೆ ಅಳತೆ. ಹೊಳಪು ಅದರ ಅರ್ಧಕ್ಕೆ ಬರಲು ಬೇಕಾದ ಪ್ರಮಾಣ ಬಂಧದ ಬಿಗಿಯನ್ನು ತಿಳಿಸುತ್ತದೆ. ಕಡಿಮೆ ಸಾಕಾದರೆ ಬಂಧ ಬಿಗಿ.

ಬಣ್ಣ ಗಾಜಿಗೋ ಬೇರೆಲ್ಲಿಗೋ ಅಂಟಿದ್ದರೆ? ಅದಕ್ಕೂ ಪರೀಕ್ಷೆಯಿದೆ. ಬಣ್ಣವಿಲ್ಲದ ಇನ್ಸುಲಿನ್ನನ್ನು ಬಹಳಷ್ಟು ಬೆರೆಸಿದರೆ ಅದೇ ಗ್ರಾಹಕಗಳನ್ನು ಹಿಡಿದುಬಿಡುತ್ತದೆ. ಆಗಲೂ ಉಳಿಯುವ ಹೊಳಪು ಗ್ರಾಹಕದ್ದಲ್ಲ. ಅದನ್ನು ಕಳೆಯಬೇಕು.

ನಮಗೆ ಇದರಿಂದ ಏನು?

ಬಂಧವನ್ನು ಬೇರೆಯಾಗಿ, ಒಳಗಿನ ಸಂದೇಶವನ್ನು ಬೇರೆಯಾಗಿ ಅಳೆದಾಗ ಒಂದು ವಿಷಯ ಸ್ಪಷ್ಟವಾಯಿತು. ಬೊಜ್ಜು ಇರುವವರಲ್ಲಿ ಗ್ರಾಹಕಗಳ ಸಂಖ್ಯೆ ಕಡಿಮೆಯಾಗಿರಬಹುದು. ಆದರೆ ಟೈಪ್ 2 ಕಾಯಿಲೆಯಲ್ಲಿ ಮುಖ್ಯ ತೊಡಕು ಇರುವುದು ಇನ್ಸುಲಿನ್ ಅಂಟಿದ ನಂತರ. ಒಳಗಿನ ಸಂದೇಶ ದುರ್ಬಲವಾಗಿ ಗ್ಲುಟ್-4 ಸಾಕಷ್ಟು ಮೇಲೆ ಬರುವುದಿಲ್ಲ. ಇದಕ್ಕೇ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇನ್ನೊಂದು ಸಮಾಧಾನದ ಮಾತು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಸಂದೇಶವಿಲ್ಲದೆಯೂ ಗ್ಲುಟ್-4 ಮೇಲಕ್ಕೆ ಬರುತ್ತದೆ. ಆದ್ದರಿಂದ ದಿನಾಲೂ ಚುರುಕಾಗಿ ನಡೆಯಿರಿ. ಮನೆಯ ಹೆಂಗಸರಿಗೂ ಅದಕ್ಕೆ ಸಮಯ ಮಾಡಿಕೊಡಿ. ಹೆಚ್ಚಿನ ತೂಕ ಇಳಿಸಿದರೆ ಪ್ರತಿರೋಧವೂ ತಗ್ಗುತ್ತದೆ.

ಆದರೆ ನಡಿಗೆಯನ್ನಾಗಲಿ, ನಮ್ಮ ಯುನಾನಿ ಔಷಧಿಯನ್ನಾಗಲಿ ನಂಬಿ ಮಾತ್ರೆ, ಇಂಜೆಕ್ಷನ್‌ಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಟೈಪ್ 1 ಇರುವ ಮಕ್ಕಳಲ್ಲಿ ಇನ್ಸುಲಿನ್ನೇ ತಯಾರಾಗುವುದಿಲ್ಲ. ಅವರಿಗೆ ಇಂಜೆಕ್ಷನ್ ತಪ್ಪಿದರೆ ಜೀವಕ್ಕೇ ಅಪಾಯ.