ಬಾಲ ಒಂದೇ, ಪದ ಬೇರೆ: ಓ-ಯು-ಜಿ-ಎಚ್ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಸಂಜೆಯ ಇಂಗ್ಲಿಷ್ ತರಗತಿಗೆ ಬರುವ ಎಲ್ಲರ ಗಮನಕ್ಕೆ. ಹತ್ತನೇ ತರಗತಿಯ ಮಕ್ಕಳಿಗೂ, ಕೆಲಸ ಮುಗಿಸಿ ಬರುವ ದೊಡ್ಡವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಕಳೆದ ವಾರದ ಉಕ್ತಲೇಖನದ ಹಾಳೆಗಳನ್ನು ತಿದ್ದಿ ಕೈ ನೋವು ಬಂದ ಮೇಲೆ ಬರೆದ ಸೂಚನೆ ಇದು. ಓದದೆ ಒಳಗೆ ಬಂದು ಕೂರಬೇಡಿ.

ಮಾಡಬಾರದ್ದು. ಓ-ಯು-ಜಿ-ಎಚ್ ನಾಲ್ಕು ಅಕ್ಷರ ಕಂಡ ಕೂಡಲೇ ಹಿಂದಿನ ಪದದ ಉಚ್ಚಾರಣೆಯನ್ನು ಮುಂದಿನದಕ್ಕೆ ತೊಡಿಸಬೇಡಿ. ಕನ್ನಡದಲ್ಲಿ ಕಕಾರಕ್ಕೆ ಕೊಂಬು ಕೊಟ್ಟರೆ ಕು. ಯಾವ ಪದದಲ್ಲಿದ್ದರೂ ಕು. ಆ ನಂಬಿಕೆಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬನ್ನಿ. ಈ ನಾಲ್ಕರ ಮುಂದೆ ಟಿ ಬಂದರೆ ಟಫ್: ಗಟ್ಟಿ, ಕಷ್ಟ. ಸಿ ಬಂದರೆ ಕಾಫ್: ಕೆಮ್ಮು. ಡಿ ಬಂದರೆ ಡೋ: ಕಲಸಿದ ಹಿಟ್ಟು. ಬಿ ಬಂದರೆ ಬೌ: ಮರದ ದೊಡ್ಡ ಕೊಂಬೆ. ಟಿ-ಎಚ್ ಬಂದರೆ ದೋ: ಆದರೂ. ಅದಕ್ಕೆ ಒಂದು ಆರ್ ತೂರಿಸಿದರೆ ಥ್ರೂ: ಮೂಲಕ, ಒಳಗಿಂದ ಹಾದು. ಟಿ ಪಕ್ಕದ ಎಚ್ ಕಿತ್ತರೆ ಟ್ರಾಫ್: ದನ ನೀರು ಕುಡಿಯುವ ಬಾನಿ. ಮೂಲಕ ಎಂಬುದಕ್ಕೂ ಬಾನಿಗೂ ನಡುವೆ ಇರುವುದು ಒಂದು ಎಚ್ ಅಷ್ಟೇ.

ಇದಕ್ಕೆ ನಿಮ್ಮ ಮಂಕುತನ ಕಾರಣವಲ್ಲ. ಜಿ-ಎಚ್ ಹಿಂದೆ ಗಂಟಲಿನಿಂದ ಹೊರಡುತ್ತಿದ್ದ ಒಂದು ಶಬ್ದ. ಸ್ಕಾಟ್ಲೆಂಡಿನವರು ಸರೋವರಕ್ಕೆ ಲಾಖ್ ಎನ್ನುವಾಗ ಅದು ಈಗಲೂ ಕೇಳುತ್ತದೆ. ಇಂಗ್ಲಿಷರ ಬಾಯಲ್ಲಿ ಅದು ಕೆಲವು ಪದಗಳಲ್ಲಿ ಫ್ ಆಯಿತು, ಉಳಿದವುಗಳಲ್ಲಿ ಸದ್ದಿಲ್ಲದೆ ಸತ್ತಿತು. ಅದಕ್ಕೇ ಮಗಳು ಡಾಟರ್, ನಗು ಲಾಫ್ಟರ್. ಬರೆದರೆ ಎರಡಕ್ಕೂ ಮೊದಲಕ್ಷರ ಮಾತ್ರ ಬೇರೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ ಮೇಲೆ ಮುದ್ರಣದ ಮೊಳೆಗಳಲ್ಲಿ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗತೊಡಗಿತು. ನಾಲಿಗೆ ಅದಕ್ಕೆ ಕಾಯಲಿಲ್ಲ. ನಮ್ಮ ಹಳಗನ್ನಡದಲ್ಲೂ ಱ, ೞ ಇದ್ದವು. ಶಬ್ದ ಹೋದ ಮೇಲೆ ನಾವು ಅಕ್ಷರವನ್ನೂ ಕಳಿಸಿಕೊಟ್ಟೆವು. ಅವರು ಇಟ್ಟುಕೊಂಡರು, ಈಗ ನಾವು ಬಾಯಿಪಾಠ ಮಾಡುತ್ತಿದ್ದೇವೆ.

ಮಾಡಬೇಕಾದ್ದು. ಬಾಟ್, ಬ್ರಾಟ್ ಎರಡನ್ನೂ ಬೇರೆ ಬೇರೆಯಾಗಿ, ಒಂದೊಂದು ವಾಕ್ಯದೊಳಗೆ ಕಲಿಯಿರಿ. ಇಲ್ಲಿ ಎಡವುವುದು ಕಾಗುಣಿತದಿಂದಷ್ಟೇ ಅಲ್ಲ, ಕನ್ನಡದಿಂದಲೂ ಹೌದು. 'ಅಪ್ಪ ಸಂತೆಯಿಂದ ಜೋಡಿ ಎತ್ತು ತಂದರು' ಎಂದರೆ ನಮ್ಮಲ್ಲಿ ದುಡ್ಡು ಕೊಟ್ಟು ತಂದರೆಂದೇ ಲೆಕ್ಕ. ಯಾರೂ ಬಿಡಿಸಿ ಕೇಳುವುದಿಲ್ಲ. ಒಬ್ಬ ಹುಡುಗ ಅದನ್ನೇ ಇಂಗ್ಲಿಷಿಗಿಳಿಸಿ ಬ್ರಾಟ್ ಎಂದು ಬರೆದ. ಇಂಗ್ಲಿಷಿನಲ್ಲಿ ಆ ಮಾತಿಗೆ ಹೊಡೆದುಕೊಂಡು ಬಂದರು ಎಂದಷ್ಟೇ ಅರ್ಥ. ಎತ್ತು ಪಕ್ಕದ ಮನೆಯವರದೂ ಇರಬಹುದು. ಕೊಂಡದ್ದಾದರೆ ಬಾಟ್, ಹೊತ್ತೋ ಹೊಡೆದುಕೊಂಡೋ ಬಂದದ್ದಾದರೆ ಬ್ರಾಟ್. ಬ್ರಿಂಗ್‌ನಲ್ಲಿ ಆರ್ ಇದೆ, ಬ್ರಾಟ್‌ನಲ್ಲೂ ಇದೆ. ಬೈಯಲ್ಲಿ ಇಲ್ಲ, ಬಾಟ್‌ನಲ್ಲೂ ಇಲ್ಲ. 'ತಗೊಂಡೆ' ಎಂಬ ಮಾತೂ ಇಂಥದ್ದೇ. ಅಂಗಡಿಯಲ್ಲಿ ಪೆನ್ನು ತಗೊಂಡದ್ದಕ್ಕೆ ಟುಕ್ ಎಂದು ಬರೆದರೆ ದುಡ್ಡು ಕೊಡದೆ ಎತ್ತಿಕೊಂಡ ಹಾಗೂ ಕೇಳಿಸೀತು.

ಇದೇ ಗುಂಪಿನಲ್ಲಿ ಏ ಬರೆಯುವುದೋ ಓ ಬರೆಯುವುದೋ ಎಂದು ಪೆನ್ನು ಕಚ್ಚುತ್ತ ಕೂರಬೇಡಿ. ಮೂಲ ಕ್ರಿಯಾಪದ ನೋಡಿ. ಕ್ಯಾಚ್, ಟೀಚ್ ಎರಡರಲ್ಲೂ ಏ ಇದೆ. ಕಾಟ್, ಟಾಟ್ ಎಂದಾಗಲೂ ಏ. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್ ಐದರಲ್ಲೂ ಏ ಇಲ್ಲ, ಐದಕ್ಕೂ ಓ. ಈ ಏಳಕ್ಕೆ ಮಾತ್ರ ಈ ಸೂತ್ರ. ಎಂಟನೆಯದಕ್ಕೆ ಎಳೆಯಬೇಡಿ.

ಮಾಡಲೇಬಾರದ್ದು. ಡ್ರೌಟ್ ಮತ್ತು ಡ್ರಾಫ್ಟ್ ಅದಲು ಬದಲು ಮಾಡಬೇಡಿ. ಅನುವಾದದ ಅಭ್ಯಾಸಕ್ಕೆಂದು ದನದ ತಳಿಗಳ ಬಗ್ಗೆ ಒಂದು ಪುಟ ಕೊಟ್ಟಿದ್ದೆ. ಒಬ್ಬರು 'ಹಳ್ಳಿಕಾರ್ ಬರಗಾಲದ ತಳಿ' ಎಂದು ದುಂಡಗೆ ಬರೆದು ತಂದರು. ಪಕ್ಕದಲ್ಲಿ ಕೂತಿದ್ದವರು ನೋಡಿ ತಲೆಯಾಡಿಸಿದರು. ನಮ್ಮ ಕಡೆಯ ಬರ, ನಮ್ಮ ಕಡೆಯ ಎತ್ತು. ವಾಕ್ಯ ನಂಬುವಂತೆಯೇ ಇದೆ, ಅಪಾಯ ಇರುವುದೂ ಅಲ್ಲೇ. ಮೂಲದಲ್ಲಿದ್ದದ್ದು ಏ, ಅವರು ಓದಿದ್ದು ಓ. ಓ ಇದ್ದರೆ ಡ್ರೌಟ್, ಬರ. ಏ ಇದ್ದರೆ ಡ್ರಾಫ್ಟ್, ಎಳೆತ. ಉಳುವುದಕ್ಕೂ ಗಾಡಿ ಎಳೆಯುವುದಕ್ಕೂ ಆಗಿಬರುವ ತಳಿ ಎಂದು ಅಲ್ಲಿತ್ತು. ಎಳೆಯುವುದು ಎಂಬ ಅದೇ ಬೇರಿನಿಂದ ಒಂದು ಗುಟುಕು ನೀರಿಗೂ, ಕಿಟಕಿ ಸಂದಿಯಲ್ಲಿ ನುಗ್ಗುವ ತಣ್ಣನೆ ಗಾಳಿಗೂ, ಹಡಗಿನ ತಳ ನೀರಿನೊಳಗೆ ಇಳಿಯುವ ಆಳಕ್ಕೂ ಡ್ರಾಫ್ಟ್ ಎನ್ನುತ್ತಾರೆ. ಬ್ಯಾಂಕಿನ ಡಿಡಿಯಲ್ಲಿರುವ ಡ್ರಾಫ್ಟ್ ಈ ಪದದ ದಾಯಾದಿ, ಕಾಗುಣಿತ ಸರಳ ಮಾಡಿಕೊಂಡು ಬೇರೆ ಮನೆ ಹೂಡಿದೆ. ಅಮೆರಿಕದವರು ದನಕ್ಕೂ ಗಾಳಿಗೂ ಆ ಸರಳ ರೂಪವನ್ನೇ ಬರೆಯುತ್ತಾರೆ. ನೇಗಿಲಿನ ಪ್ಲೌಗೂ ಅವರು ಜಿ-ಎಚ್ ಇಡುವುದಿಲ್ಲ.

ಕಚೇರಿಯಲ್ಲಿ ಕೆಲಸ ಮಾಡುವವರು ಇದನ್ನು ಎರಡು ಸಲ ಓದಿ. ಅರ್ಜಿಯ ನೆತ್ತಿಯ ಮೇಲೆ ಬರೆಯುವ 'ಥ್ರೂ ಪ್ರಾಪರ್ ಚಾನೆಲ್'ನಲ್ಲಿ ಇರುವುದು ಥ್ರೂ. ಕಡತವನ್ನು ಕೂಲಂಕಷವಾಗಿ ನೋಡಿದ್ದೇನೆ ಎನ್ನಲು ಬೇಕಾದದ್ದು ಥರೊ. ಟಿ-ಎಚ್ ಆದ ಮೇಲೆ ಅಲ್ಲೊಂದು ಓ ಹೆಚ್ಚಿಗೆ. ಆ ಓ ಬಿಟ್ಟರೆ ಕೂಲಂಕಷ ಹೋಗಿ ಮೂಲಕ ಉಳಿಯುತ್ತದೆ. ಹೆದ್ದಾರಿ ಬದಿಯ ತಿಂಡಿ ಅಂಗಡಿಯ ಡ್ರೈವ್-ಥ್ರೂ ಬೋರ್ಡು ನೋಡಿ ಟಿ-ಎಚ್-ಆರ್-ಯು ಎಂದು ಅರ್ಜಿಯಲ್ಲಿ ಗೀಚಬೇಡಿ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಂಥ 300 ಪದಗಳ ಹಗುರ ಕಾಗುಣಿತವನ್ನು ಸರ್ಕಾರಿ ಮುದ್ರಣಕ್ಕೆ ತರಲು ಆಜ್ಞೆ ಮಾಡಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಒಪ್ಪಲಿಲ್ಲ, ಆ ವರ್ಷವೇ ಆಜ್ಞೆ ಮುದುರಿಕೊಂಡಿತು. ಅಧ್ಯಕ್ಷರ ಕೈಯಲ್ಲಿ ಆಗದ್ದು ನಿಮ್ಮ ಅರ್ಜಿಯಲ್ಲಿ ಆಗುವುದಿಲ್ಲ.

ಕಫ್ ಸಿರಪ್ ಎನ್ನಬೇಡಿ. ಕಫಕ್ಕೆ ಕುಡಿಯುವುದರಿಂದ ಕಫ್ ಎಂದು ನಮ್ಮೂರಲ್ಲಿ ತೀರ್ಮಾನವಾಗಿ ಹೋಗಿದೆ. ಇಂಗ್ಲಿಷಿನ ಕಫ್ ಅಂಗಿ ತೋಳಿನ ತುದಿಯ ಪಟ್ಟಿ. ಕೆಮ್ಮಿನದು ಕಾಫ್. ಔಷಧಿ ಅಂಗಡಿಯವನು ಎರಡಕ್ಕೂ ಅದೇ ಬಾಟಲಿ ಕೊಡುತ್ತಾನೆ, ಆ ಮಾತು ಬೇರೆ.

ಸ್ಲೌ ಎಂದರೆ ಕೆಸರು, ಸ್ಲಫ್ ಎಂದರೆ ಹಾವು ಪೊರೆ ಬಿಡುವುದು. ಬರೆಯುವುದು ಎರಡನ್ನೂ ಒಂದೇ ರೀತಿ. ಗೊತ್ತಿರಲಿ, ಸದ್ಯಕ್ಕೆ ಬಾಯಿಪಾಠ ಬೇಡ. ಬಿಕ್ಕಳಿಕೆಯ ಹಿಕಪ್‌ಗೆ ಕೆಮ್ಮಿನ ಬಾಲ ಅಂಟಿಸಿದ ಹಳೆಯ ಕಾಗುಣಿತ ಒಂದಿದೆ. ಯಾರೋ ಕೆಮ್ಮಿಗೆ ನಂಟೆಂದು ತಪ್ಪು ತಿಳಿದು ಸೇರಿಸಿದ್ದು, ನೀವು ಬಳಸಬೇಡಿ.

ಕಡ್ಡಾಯ. ಪ್ರತಿ ಪದಕ್ಕೂ ರಫ್ ನೋಟ್‌ಬುಕ್ಕಿನಲ್ಲಿ ಒಂದು ಇಡೀ ಸಾಲು ಬಿಡಿ: ಕಾಗುಣಿತ, ಉಚ್ಚಾರಣೆ ಕನ್ನಡ ಅಕ್ಷರದಲ್ಲಿ, ಅರ್ಥ, ನಿಮ್ಮ ಮನೆಯ ಮಾತಿನದೇ ಒಂದು ವಾಕ್ಯ. ಗೈಡಿನ ವಾಕ್ಯ ಇಳಿಸಿ ತಂದರೆ ಹರಿದು ಕೊಡುತ್ತೇನೆ. ಪ್ರಾಸ ಕೂಡಿಸಿ ಪಟ್ಟಿ ಮಾಡಬೇಡಿ. ಡೋ ಕಲಿತ ದಿನವೇ ಟಫ್ ಕಲಿಯಬೇಡಿ, ನಡುವೆ ಎರಡು ದಿನ ಬಿಡಿ.

ಶನಿವಾರ ಮತ್ತೆ ಉಕ್ತಲೇಖನ, 14 ಪದ. ಟ್ರಾಫ್ ಖಂಡಿತ ಕೇಳುತ್ತೇನೆ. ಕೆಮ್ಮು ಇರುವವರು ಮನೆಯಲ್ಲೇ ಉಳಿಯಬಹುದು, ಆದರೆ ರಜಾಚೀಟಿಯಲ್ಲಿ ಆ ಪದದ ಕಾಗುಣಿತ ಸರಿ ಇರಬೇಕು.